ಹಾಲನ್ನು ಅಂಚಿನಲ್ಲಿ ಓದಬೇಕು

ಮಾರ್ಚ್ 4

ಅಕ್ಕಾ,

ಪೆಟ್ಟಿಗೆ ನಿನ್ನೆ ಬಂತು. ಮರದ ಹೊಟ್ಟಿನೊಳಗೆ ಕೈ ಹಾಕಿ ಲ್ಯಾಕ್ಟೋಮೀಟರುಗಳನ್ನು ಒಂದೊಂದೇ ಎತ್ತಿ ನೋಡಿದೆ. ಒಂದೂ ಒಡೆದಿಲ್ಲ. ಹಳೆಯವನ್ನೆಲ್ಲ ತೊಳೆಯುವಾಗ ಬೀಳಿಸಿ ಪುಡಿ ಮಾಡಿದ್ದ ನಮ್ಮ ಮ್ಯಾನೇಜರು ಈಗ ಹೊಸದರ ಹತ್ತಿರ ಯಾರನ್ನೂ ಸುಳಿಯಗೊಡುತ್ತಿಲ್ಲ. "ಇದನ್ನ ಮಾಡಿದ್ದು ನಮ್ಮಕ್ಕ" ಅಂದೆ. ಮೇಲಿಂದ ಕೆಳಗೆ ನೋಡಿ, "ಹೆಂಗಸರೂ ಗಾಜು ಊದ್ತಾರಾ?" ಅಂತ ಕೇಳಿದರು. ನಮ್ಮಪ್ಪನಿಗಿಂತ ಚೆನ್ನಾಗಿ ಊದ್ತಾಳೆ ಅಂತ ಹೇಳಿದೆ. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು.

ಹೊಸ ಕೆಲಸ ಏನು ಅಂತ ಕೇಳಿದ್ದೆಯಲ್ಲ. ಬೆಳಿಗ್ಗೆ ಹಾಲಿನ ಕೇಂದ್ರದ ಗೇಟಿನ ಒಳಗೆ ಒಂದು ಮೇಜು, ಮೇಜಿನ ಮೇಲೆ ಉದ್ದನೆಯ ಜಾಡಿ, ಜಾಡಿಯ ಹಿಂದೆ ನಾನು. ಹಾಲು ತಂದವರು ಸಾಲಾಗಿ ನಿಲ್ಲುತ್ತಾರೆ. ಪ್ರತಿಯೊಬ್ಬರ ಹಾಲಿನಲ್ಲೂ ನಿನ್ನ ಮೀಟರು ತೇಲಿಬಿಡುತ್ತೇನೆ. ಹಾಲು ಗಟ್ಟಿಯಿದ್ದರೆ ಇಪ್ಪತ್ತೆಂಟರ ಗೆರೆ ಹಾಲಿನಿಂದ ಮೇಲೆ ನಿಲ್ಲುತ್ತದೆ, ನೀರು ಬೆರೆತಿದ್ದರೆ ಮುಳುಗುತ್ತದೆ. ಗೆರೆ ಮುಳುಗಿದರೆ ಹಾಲು ವಾಪಸ್ಸು. ಒಟ್ಟಿನಲ್ಲಿ ದಿನವೂ ಬೆಳಿಗ್ಗೆ ನಾಲ್ಕು ಜನರ ಬಾಯಿಗೆ ಬೀಳುವ ಕೆಲಸ. ಸಾಲಿನಲ್ಲಿ ಒಬ್ಬಳಿದ್ದಾಳೆ, ಸೈಕಲ್ಲಿನ ಎರಡೂ ಕಡೆ ಒಂದೊಂದು ಕ್ಯಾನು ಕಟ್ಟಿಕೊಂಡು ಬರುತ್ತಾಳೆ. ಎಲ್ಲರೂ ಅವಳನ್ನು ಎರಡು ಕ್ಯಾನಿನವಳು ಅನ್ನುತ್ತಾರೆ. ಅವಳೊಬ್ಬಳು ಮಾತ್ರ ನನಗೆ ನಮಸ್ಕಾರ ಹೇಳಿ ಹೋಗುತ್ತಾಳೆ.

ಅಂದಹಾಗೆ, ಪೆಟ್ಟಿಗೆಯ ಮೇಲೆ ವಿಳಾಸವನ್ನು ಅಷ್ಟು ದಪ್ಪ ಅಕ್ಷರದಲ್ಲಿ ಯಾಕೆ ಬರೆದೆ? ಪೋಸ್ಟಿನವನು ರಸ್ತೆಯ ಆ ತುದಿಯಿಂದಲೇ ಓದಲಿ ಅಂತಲೋ?

ಚೋಟು

ಮಾರ್ಚ್ 13

ಚೋಟೂ,

ಪೆನ್ನು ಹೊಸದು, ದಪ್ಪಗೆ ಬರೆಯುತ್ತದೆ. ನನ್ನ ಅಕ್ಷರದ ಯೋಚನೆ ಬಿಟ್ಟು ನಿನ್ನ ಕೆಲಸ ನೋಡಿಕೋ. ಕರೆದ ತಕ್ಷಣ ತಂದ ಹಾಲನ್ನು ಅಳೆಯಬೇಡ, ಅದರ ತುಂಬ ಗಾಳಿಯ ಗುಳ್ಳೆ ಇರುತ್ತದೆ. ಗುಳ್ಳೆಯಿರುವ ಹಾಲು ಹಗುರ. ಬಿಸಿ ಹಾಲೂ ಹಗುರ. ಥರ್ಮಾಮೀಟರು ಮೊದಲು, ನನ್ನ ಮೀಟರು ಆಮೇಲೆ. ಜಾಡಿಗೆ ಜಿಡ್ಡು ಹತ್ತಿದ್ದರೆ ಗಾಜಿನ ಮೇಲೆ ಹಾಲು ಸರಿಯಾಗಿ ಹತ್ತುವುದಿಲ್ಲ, ಸೋಡಾಪುಡಿ ಹಾಕಿ ತೊಳಿ. ಅಪ್ಪನ ಮಾತು ನೆನಪಿದೆ ತಾನೇ? ನೀರನ್ನು ಮಟ್ಟದಲ್ಲಿ ಓದಬೇಕು, ಹಾಲನ್ನು ಅಂಚಿನಲ್ಲಿ ಓದಬೇಕು. ಮೀಟರಿನ ಕಡ್ಡಿಯ ಸುತ್ತ ಹಾಲು ತುಸು ಮೇಲಕ್ಕೆ ಏರಿ ನಿಲ್ಲುತ್ತದಲ್ಲ, ಆ ಏರಿದ ಅಂಚು. ನಿನಗೆ ಇದನ್ನು ಕಲಿಸುವಾಗ ಅಪ್ಪ ನಿನ್ನ ಗಲ್ಲ ಹಿಡಿದು ಕಣ್ಣನ್ನು ಜಾಡಿಯ ಮಟ್ಟಕ್ಕೆ ತರುತ್ತಿದ್ದರು. ನೀನು ಮೇಜಿಗಿಂತ ಗಿಡ್ಡ ಇದ್ದೆ, ಈಗಲೂ ಅಷ್ಟೇ ಅನ್ನು.

ಇಲ್ಲಿ ಎಲ್ಲ ಮಾಮೂಲು. ಈಗಿನ ಬಲ್ಬುಗಳಿಗೆ ಬೆಳಕೇ ಇಲ್ಲ, ಮೂರು ಸಲ ಬದಲಾಯಿಸಿದೆ. ನಿಮ್ಮ ಭಾವನಿಗೆ ಈಗ ಪೇಪರು ಗಟ್ಟಿಯಾಗಿ ಓದುವ ಹುಚ್ಚು ಹಿಡಿದಿದೆ. ಬೆಳಿಗ್ಗೆ ವ್ಯಾನು ತೆಗೆಯುವ ಮೊದಲು ಇಡೀ ಪೇಪರು ನನಗೆ ಓದಿ ಹೇಳಿಯೇ ಹೋಗುತ್ತಾರೆ.

ಅಕ್ಕ

ಮಾರ್ಚ್ 27

ಅಕ್ಕಾ,

ಭಾವ ಪೇಪರು ಓದಿ ಹೇಳುತ್ತಾರಾ! ಮದುವೆಯಾದ ಹೊಸದರಲ್ಲಿ ಒಂದು ಸಿನಿಮಾಕ್ಕೂ ಕರೆದುಕೊಂಡು ಹೋಗದ ಮನುಷ್ಯ. ವಯಸ್ಸಾದ ಮೇಲೆ ಪ್ರೀತಿ ಉಕ್ಕುತ್ತಿದೆ, ಉಕ್ಕಲಿ ಬಿಡು.

ನನಗೆ ಒಂದು ತಲೆನೋವು ಶುರುವಾಗಿದೆ. ಎರಡು ಕ್ಯಾನಿನವಳ ಹಾಲು ಈ ತಿಂಗಳು ಸರಿಯಾಗಿ ಬರುತ್ತಿಲ್ಲ. ಇಪ್ಪತ್ತೆಂಟರ ಗೆರೆ ಸ್ವಲ್ಪವೇ ಸ್ವಲ್ಪ ಮುಳುಗುತ್ತದೆ. ಅವಳ ಹಸುಗಳ ಹಾಲು ಹಿಂದಿನಿಂದಲೂ ಗಡಿಯಲ್ಲೇ ಇರುತ್ತಿತ್ತಂತೆ, ಆದರೆ ಗಡಿ ದಾಟಿ ಕೆಳಗೆ ಹೋದದ್ದಿಲ್ಲ. ಬೇರೆಯವರದು ಮೂವತ್ತರ ಹತ್ತಿರ ಇರುವುದರಿಂದ ಅವರಿಗೆ ತೊಂದರೆಯಿಲ್ಲ. ನೀನು ಹೇಳಿದ್ದೆಲ್ಲ ಮಾಡಿದೆ. ಗುಳ್ಳೆ ಹೋಗುವ ತನಕ ಇಟ್ಟೆ. ತಣ್ಣಗೆ ಮಾಡಿದೆ. ಜಾಡಿಯನ್ನು ನನ್ನ ಕೈ ಕೆಂಪಾಗುವ ತನಕ ತಿಕ್ಕಿದೆ. ಗೆರೆ ಅಲ್ಲೇ ಮುಳುಗಿ ಕೂತಿದೆ.

ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ. "ನೋಡಮ್ಮ, ನನ್ನ ಹಸು ನೀರು ಕುಡಿಯತ್ತೆ. ನನ್ನ ಹಾಲು ಕುಡಿಯಲ್ಲ" ಅಂದಳು. ಮ್ಯಾನೇಜರು ದಿನವೂ ಬಂದು ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದಾರೆ.

ಬೈಬೇಡ, ಒಂದು ಮಾತು ಕೇಳುತ್ತೇನೆ. ಮೀಟರಿನಲ್ಲೇ ಏನಾದರೂ ಹೆಚ್ಚುಕಡಿಮೆ ಆಗಿರಬಹುದಾ?

ಚೋಟು

ಏಪ್ರಿಲ್ 3

ಚೋಟೂ,

ಅಪ್ಪನ ಜೊತೆ ಸೇರಿ ಇಷ್ಟು ವರ್ಷ, ಅಪ್ಪ ಹೋದ ಮೇಲೆ ಒಬ್ಬಳೇ ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ. ಬ್ಯಾಟರಿ ಆಸಿಡ್ಡಿಗೆ, ಎಣ್ಣೆಗೆ, ಹಾಲಿಗೆ ಎಷ್ಟು ಮೀಟರು ಮಾಡಿದ್ದೇನೋ ಲೆಕ್ಕವಿಲ್ಲ. ಇದು ಸರಿಯಿಲ್ಲ ಅಂತ ಒಬ್ಬರೂ ವಾಪಸ್ಸು ತಂದವರಿಲ್ಲ. ಮೊದಲ ಸಲ ತಂದವಳು ನನ್ನ ಒಡಹುಟ್ಟಿದ ತಂಗಿ.

ನಂಬಿಕೆ ಇಲ್ಲದಿದ್ದರೆ ಉಪ್ಪುನೀರು ಮಾಡಿಕೋ. ಶೀಶೆಯಲ್ಲಿ ತೂಗಿ ಅದರ ಸಾಂದ್ರತೆ ಎಷ್ಟು ಅಂತ ಗಟ್ಟಿ ಮಾಡಿಕೋ. ನನ್ನ ಮೀಟರು ಅದರಲ್ಲಿ ಬಿಡು. ಆಮೇಲೆ ಬರೆ.

ಅಕ್ಕ

ಏಪ್ರಿಲ್ 12

ಅಕ್ಕಾ,

ತಪ್ಪಾಯಿತು, ಹೊಟ್ಟೆಗೆ ಹಾಕಿಕೋ. ಉಪ್ಪುನೀರು ಮಾಡಿ, ತೂಗಿ, ಹನ್ನೆರಡು ಮೀಟರುಗಳನ್ನೂ ಒಂದಾದ ಮೇಲೆ ಒಂದು ಬಿಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನಗೆ ನಿಜಕ್ಕೂ ಸಮಾಧಾನವಾಯಿತು. ನಿನ್ನ ಮೇಲೆ ಅನುಮಾನ ಪಟ್ಟೆನಲ್ಲ ಅಂತ ನಾಚಿಕೆಯೂ ಆಯಿತು.

ಮೀಟರು ಸರಿ ಅಂದಮೇಲೆ ಹಾಲು ಸರಿಯಿಲ್ಲ. ಮರುದಿನ ಎರಡು ಕ್ಯಾನಿನವಳ ಹಾಲಿನಲ್ಲಿ ಮತ್ತೆ ಗೆರೆ ಮುಳುಗಿತು. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರು. ಸಾಲಿನವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. "ಇದಕ್ಕೆ ನೀರು ಬಿದ್ದಿದೆ, ನಾಳೆಯಿಂದ ಬರಬೇಡಿ" ಅಂತ ನಾನೇ ಹೇಳಿದೆ. ಅವಳು ಜಗಳ ಮಾಡಲಿಲ್ಲ. ಕ್ಯಾನುಗಳ ಮುಚ್ಚಳ ಹಾಕಿಕೊಂಡು ಸೈಕಲ್ಲು ತಿರುಗಿಸಿದಳು. ಸಾಲಿನಲ್ಲಿ ಯಾರೋ ನಕ್ಕರು. ಆ ದಿನ ನನಗೆ ಊಟ ಸೇರಲಿಲ್ಲ, ಯಾಕೆ ಅಂತ ಗೊತ್ತಾಗಲಿಲ್ಲ. ಸರಿಯಾಗಿಯೇ ಮಾಡಿದ್ದೆನಲ್ಲ.

ಚೋಟು

ಏಪ್ರಿಲ್ 20

ಚೋಟೂ,

ಕೋಪ ಇಳಿಯಿತು. ನೀನು ಕೇಳಿದ್ದೂ ಸರಿಯೇ, ಕೇಳದೆ ನಂಬುವವರು ಗೇಟಿನಲ್ಲಿ ಕೂರಬಾರದು. ಆ ಹೆಂಗಸಿನ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ನೀರು ಬೆರೆಸುವವರ ಮುಖ ಬೇರೆ ಥರ ಇರುವುದಿಲ್ಲ. ಗಾಜಿಗೆ ಯಾರ ಮೇಲೂ ದ್ವೇಷವಿಲ್ಲ, ಅದು ಕಂಡದ್ದು ಹೇಳುತ್ತದೆ.

ಬೆರಳು ಸುಟ್ಟುಕೊಂಡಿದ್ದೇನೆ, ಅದಕ್ಕೇ ಈ ಕಾಗದ ಇಷ್ಟು ಸೊಟ್ಟಗಿದೆ. ಕಾದ ಗಾಜಿಗೂ ತಣ್ಣಗಿನ ಗಾಜಿಗೂ ನೋಡುವುದಕ್ಕೆ ವ್ಯತ್ಯಾಸವಿಲ್ಲ, ಗೊತ್ತಲ್ಲ. ಅಂಥಾದ್ದೇನಿಲ್ಲ. ಈಗ ಬರ್ನರು ಹಚ್ಚುವುದು ನಿಮ್ಮ ಭಾವನ ಕೆಲಸ. ಮೀಟರಿನೊಳಗೆ ಸೀಸದ ಗುಂಡು ತುಂಬುವುದನ್ನೂ ಕಲಿತಿದ್ದಾರೆ, ಅರ್ಧ ನೆಲಕ್ಕೆ ಹಾಕುತ್ತಾರೆ. ಹುಡುಕಿ ಹೆಕ್ಕುವುದೂ ಅವರೇ.

ಅಕ್ಕ

ಮೇ 6

ಅಕ್ಕಾ,

ಈ ಕಾಗದವನ್ನು ಭಾವ ಓದಿ ಹೇಳುತ್ತಿದ್ದಾರೆ ಅಂತ ನನಗೆ ಈಗ ಗೊತ್ತು. ಭಾವ, ಏನನ್ನೂ ಬಿಡದೆ ಓದಿ.

ಮೊನ್ನೆ ಬಟ್ಟೆ ಜೋಡಿಸುವಾಗ ಅಪ್ಪನ ಮೀಟರು ಸಿಕ್ಕಿತು. ನಾನು ಮನೆ ಬಿಟ್ಟು ಬರುವಾಗ ನೀನೇ ಕಾಲುಚೀಲದೊಳಗೆ ಸುತ್ತಿ ಕೊಟ್ಟಿದ್ದೆಯಲ್ಲ, ಅದು. ಸುಮ್ಮನೆ ಕೇಂದ್ರಕ್ಕೆ ಒಯ್ದು, ಬೆಳಗಿನ ಹಾಲಿನಲ್ಲಿ ನಿನ್ನದರ ಪಕ್ಕದಲ್ಲೇ ಬಿಟ್ಟೆ. ಅಪ್ಪನದು ಮುಕ್ಕಾಲು ಗೆರೆ ಜಾಸ್ತಿ ತೋರಿಸಿತು. ಹಳೆಯದಾಗಿ ಕೆಟ್ಟಿದೆ ಅಂದುಕೊಂಡು ಉಪ್ಪುನೀರಿಗೆ ಹಾಕಿದೆ. ಅಲ್ಲೂ ಜಾಸ್ತಿ. ನಿನ್ನದು ಸರಿ, ಅಪ್ಪನದು ತಪ್ಪು ಅಂತ ತೆಗೆದಿಡಲು ಹೋದವಳು ಅಲ್ಲೇ ನಿಂತೆ. ಉಪ್ಪುನೀರನ್ನು ನಾನು ಓದಿದ್ದು ಮಟ್ಟದಲ್ಲಿ, ತಿಳಿಯಾದ ನೀರು ಅಂತ. ಆದರೆ ಹಾಲಿನ ಮೀಟರನ್ನು ಉಪ್ಪುನೀರಿನಲ್ಲಿ ತೇಲಿಸಿ ಅಪ್ಪ ಗೆರೆ ಕೂರಿಸುತ್ತಿದ್ದದ್ದೇ ಅಂಚಿಗೆ! ಮುಂದೆ ಅದನ್ನು ಹಾಲಿನಲ್ಲಿ ಅಂಚಿನಲ್ಲೇ ಓದುತ್ತಾರೆ ಅಂತ. ಮತ್ತೆ ಬಗ್ಗಿ, ಈ ಸಲ ಉಪ್ಪುನೀರು ಕಡ್ಡಿಯ ಸುತ್ತ ಏರಿದ ಅಂಚಿನಲ್ಲಿ ಓದಿದೆ. ಅಪ್ಪನದು ಕರಾರುವಾಕ್ಕು. ನಿನ್ನದು ಮುಕ್ಕಾಲು ಗೆರೆ ಕಡಿಮೆ. ಹನ್ನೆರಡೂ ಹಾಗೇ.

ಅಂದರೆ ನೀನು ಮಟ್ಟಕ್ಕೆ ಕೂರಿಸಿದ್ದೀಯ. ಮರೆತು ಅಲ್ಲ. ಈ ಮಾತನ್ನು ಮಾರ್ಚಿನಲ್ಲಿ ನನಗೇ ಬರೆದವಳು ನೀನು. ತಿಳಿನೀರಿನ ಅಂಚು ತುಂಬ ತೆಳು, ನನ್ನ ಕಣ್ಣಿಗೇ ಎರಡು ಸಲ ತಪ್ಪಿತು. ಅಕ್ಕಾ, ನಿನಗೆ ಅದು ಕಾಣಿಸುತ್ತಿದೆಯಾ? ದಪ್ಪ ಅಕ್ಷರ, ಬೆಳಕಿಲ್ಲದ ಬಲ್ಬು, ಪೇಪರು, ಬೆರಳು. ನಾನು ಭಾವನ ಪ್ರೀತಿಯ ಬಗ್ಗೆ ತಮಾಷೆ ಮಾಡಿಕೊಂಡು ಕೂತಿದ್ದೆ.

ಎರಡು ಕ್ಯಾನಿನವಳ ಮನೆಗೆ ಹೋಗಿದ್ದೆ. ಅವಳ ಹಾಲಿನಲ್ಲಿ ಅಪ್ಪನ ಮೀಟರು ಬಿಟ್ಟೆ. ಇಪ್ಪತ್ತೆಂಟೂವರೆ. ಅವಳೀಗ ಅದನ್ನು ಬೇಕರಿಯವನಿಗೆ ಕೊಡುತ್ತಿದ್ದಾಳೆ. ನೀರು ಬೆರೆಸುವವಳು ಅಂತ ಹೆಸರು ಬಿದ್ದಿರುವುದರಿಂದ ಅವನು ಅರ್ಧ ಬೆಲೆ ಹೇಳುತ್ತಾನೆ. ನಮ್ಮ ಮೀಟರು ತಪ್ಪಿತ್ತು, ನಾಳೆಯಿಂದ ಬನ್ನಿ ಅಂದೆ. ಅವಳು ಕೈಯೊರೆಸಿಕೊಂಡು ಎದ್ದು ನಿಂತಳು. "ನೀರು ಹಾಕ್ತೀಯ ಅಂತ ಗೇಟಲ್ಲಿ ಎಲ್ಲರ ಮುಂದೆ ಹೇಳಿದ್ರಿ. ತಪ್ಪಾಯ್ತು ಅನ್ನೋದು ಮಾತ್ರ ನನ್ನ ಅಡುಗೆಮನೇಲಿ, ಬಾಗಿಲು ಹಾಕ್ಕೊಂಡಾ? ಗೇಟಲ್ಲಿ ಹೇಳಿ. ಆಮೇಲೆ ಬರ್ತೀನಿ." ಹಾಲಿಗೆ ನೀರು ಬೆರೆತರೆ ಹಾಲು ಹಾಲೇ, ತೆಳ್ಳಗಾಗುತ್ತದೆ ಅಷ್ಟೇ. ಹುಳಿ ಬಿದ್ದು ಒಡೆದರೆ ಮಾತ್ರ ಮತ್ತೆ ಹಾಲಾಗುವುದಿಲ್ಲ. ನಾನು ಅವಳ ಹೆಸರಿಗೆ ಹಾಕಿದ್ದು ಹುಳಿ.

ಗೇಟಿನಲ್ಲಿ ಹೇಳಿದರೆ ನಿನ್ನ ಮೀಟರನ್ನು ಈ ಕಡೆ ಇನ್ನು ಯಾರೂ ಮುಟ್ಟುವುದಿಲ್ಲ. ಹೇಳದಿದ್ದರೆ ಅವಳು ಬರುವುದಿಲ್ಲ. ಏನು ಮಾಡಲಿ, ನೀನೇ ಹೇಳು.

ಚೋಟು

ಮೇ 24

ಅಕ್ಕಾ,

ನಿನ್ನಿಂದ ಒಂದು ಸಾಲೂ ಇಲ್ಲ. ಕೋಪ ಬಂದಿದೆಯಾ, ಅಳುತ್ತಿದ್ದೀಯಾ, ಎರಡೂ ಇಲ್ಲದೆ ಬರ್ನರಿನ ಮುಂದೆ ಕೂತಿದ್ದೀಯಾ? ಕೊನೆಯದಾದರೆ ಮೊದಲು ಅಲ್ಲಿಂದ ಏಳು.

ಮ್ಯಾನೇಜರಿಗೆ ಎಲ್ಲ ತಿಳಿಸಿದೆ. ಬೇರೆ ಕೇಂದ್ರದಿಂದ ಎರಡು ಮೀಟರು ಸಾಲ ತರಿಸಿದ್ದಾರೆ. ಸೋಮವಾರ, ಜೂನ್ 1ರ ಬೆಳಿಗ್ಗೆ, ಸಾಲು ಪೂರ್ತಿ ಇರುವಾಗ ಗೇಟಿನಲ್ಲಿ ಹೇಳುತ್ತೇನೆ. ಎರಡು ಕ್ಯಾನಿನವಳಿಗೂ ಬರಲು ಹೇಳಿದ್ದೇನೆ. ಮೀಟರು ತಪ್ಪಿತ್ತು ಅಂತಷ್ಟೇ ಹೇಳುತ್ತೇನೆ, ಮಾಡಿದವರು ಯಾರು ಅಂತ ಬಾಯಿ ಬಿಡುವುದಿಲ್ಲ. ಅಷ್ಟನ್ನು ನಿನಗಾಗಿ ಮಾಡಬಲ್ಲೆ.

ಚೋಟು

ಜೂನ್ 5

ಅಕ್ಕಾ,

ನೀವಿಬ್ಬರೂ ವಾಪಸ್ಸು ಊರು ಸೇರಿದ್ದು ಭಾವನ ಫೋನಿನಿಂದ ತಿಳಿಯಿತು. ಹೇಳದೆ ಕೇಳದೆ ಹಾಗೆ ಬರುತ್ತಾರಾ? ಸೋಮವಾರ ಗೇಟಿನ ಸಾಲಿನ ಕೊನೆಯಲ್ಲಿ ಭಾವನ ತೋಳು ಹಿಡಿದುಕೊಂಡು ನಿಂತವಳು ನೀನು ಅಂತ ಗೊತ್ತಾದಾಗ ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಯಿತು.

ನೀನು ಏನು ಮಾಡಿದೆ ಅಂತ ನಿನಗೇ ಬರೆಯುವುದರಲ್ಲಿ ಅರ್ಥವಿಲ್ಲ. ಆದರೆ ಅವತ್ತು ನಿನಗೆ ಯಾರ ಮುಖವೂ ಸರಿಯಾಗಿ ಕಂಡಿರಲಾರದು. ಅದನ್ನು ಬರೆಯುತ್ತೇನೆ.

"ಈ ಮೀಟರು ಮಾಡಿದ್ದು ನಾನು" ಅಂತ ನೀನು ಅಂದಾಗ ಮ್ಯಾನೇಜರು ಕನ್ನಡಕ ತೆಗೆದು ಒರೆಸತೊಡಗಿದರು. ಎಷ್ಟು ಹೊತ್ತು ಒರೆಸಿದರೆಂದರೆ, ಹಾಕಿಕೊಂಡರೆ ಏನಾದರೂ ಹೇಳಬೇಕಾಗುತ್ತದಲ್ಲ ಅಂತ ಹೆದರಿದ ಹಾಗಿತ್ತು. ನೀನು ಎರಡು ಕ್ಯಾನಿನವಳ ಹಾಲಿನಲ್ಲಿ ಅಪ್ಪನದನ್ನೂ ನಿನ್ನದನ್ನೂ ಬಿಟ್ಟು, "ಅಮ್ಮಾ, ನೀವೇ ಓದಿ ಹೇಳಿ, ನನಗೆ ಕಾಣಲ್ಲ" ಅಂದೆಯಲ್ಲ. ಆಗ ಅವಳು ಮೊದಲು ನೋಡಿದ್ದು ಮೀಟರನ್ನಲ್ಲ, ನಿನ್ನನ್ನು. ಕಣ್ಣಿನ ಕಪ್ಪಿನೊಳಗೆ ಬೆಳ್ಳಗೆ ತೇಲುತ್ತಿದ್ದದ್ದು ಅವಳಿಗೆ ಕಂಡಿತು. ಮುಖ ಗಂಟಿಕ್ಕಿಕೊಂಡು ಬಂದವಳು ಅಲ್ಲೇ ಸಡಿಲಾದಳು. ಆಮೇಲೆ ಬಗ್ಗಿ, "ಇದರಲ್ಲಿ ಗೆರೆ ಎದ್ದು ನಿಂತಿದೆ. ಇದರಲ್ಲಿ ಮುಳುಗಿದೆ" ಅಂತ ಅವಳು ಗಟ್ಟಿಯಾಗಿ ಹೇಳಿದ್ದು ನಿನಗೂ ಕೇಳಿಸಿತು. ನಿನಗೆ ಕಾಣದ್ದೇನೆಂದರೆ, ಅವತ್ತು ನಕ್ಕಿದ್ದವನು ಮುಂದೆ ಬಂದು ತಾನೂ ಬಗ್ಗಿ ನೋಡಿದ. ಅವನ ಹಿಂದೆ ಇನ್ನೊಬ್ಬ. ಸಾಲು ಪೂರ್ತಿ ಬಂದು ನೋಡಿ ಹೋಯಿತು. ಯಾರೂ ನಗಲಿಲ್ಲ.

ನೀನು ಜಾಡಿಗಾಗಿ ಕೈ ಚಾಚಿದಾಗ ಅದು ನಿನ್ನ ಕೈಗೆ ಸಿಕ್ಕಿದ್ದು ತಾನಾಗಿ ಅಲ್ಲ. ಅವಳೇ ಅದನ್ನು ನಿನ್ನ ಕೈಯ ಕೆಳಗೆ ಸರಿಸಿದಳು.

ನನಗೆ ನಿನ್ನ ಬಗ್ಗೆ ಹೆಮ್ಮೆಯಾಯಿತು. ಸಿಟ್ಟೂ ಬಂತು. ನಾನು ಮುಚ್ಚಿಡಲು ಹೊರಟಿದ್ದನ್ನು ನೀನು ಎರಡು ಮಾತಿನಲ್ಲಿ ಬಿಚ್ಚಿಟ್ಟುಬಿಟ್ಟೆ.

ಅವಳು ಮರುದಿನದಿಂದ ಬರುತ್ತಿದ್ದಾಳೆ. ನಿನ್ನ ಹನ್ನೆರಡನ್ನೂ ಮ್ಯಾನೇಜರು ಪೆಟ್ಟಿಗೆಗೆ ಹಾಕಿಸಿದ್ದಾರೆ, ವಾಪಸ್ಸು ಕಳಿಸುತ್ತಿದ್ದೇನೆ. "ಮುಂದಿನದು ಮುಂದೆ ನೋಡೋಣ" ಅಂದರು. ಆಗುತ್ತೆ ಅನ್ನಲಿಲ್ಲ, ಆಗಲ್ಲ ಅನ್ನಲೂ ಇಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋಗು. ಸಬೂಬು ಹೇಳಿದರೆ ನಾನೇ ಬಂದು ಎಳೆದುಕೊಂಡು ಹೋಗುತ್ತೇನೆ.

ಚೋಟು

ಜುಲೈ 18

ಚೋಟೂ,

ಅಕ್ಷರ ನೋಡು. ಸಣ್ಣಗಿದೆಯಾ?

ಒಂದು ಕಣ್ಣಿನ ಪೊರೆ ತೆಗೆದರು. ಇನ್ನೊಂದು ಚಳಿಗಾಲಕ್ಕೆ. ಪಟ್ಟಿ ಬಿಚ್ಚಿದ ಮೇಲೆ ನಿಮ್ಮ ಭಾವನ ಮುಖ ನೋಡಿದೆ, ಅಷ್ಟು ನರೆ ಯಾವಾಗ ಬಂತೋ. ಅವರು ಅದಕ್ಕೆ, "ನಾನೂ ನಿನ್ನ ಮುಖ ದಿನಾ ನೋಡ್ತಿದ್ದೆ, ಏನೂ ಹೇಳಲಿಲ್ಲ" ಅಂದರು. ಮನೆಗೆ ಬಂದರೆ ಮೂಲೆಮೂಲೆಯಲ್ಲೂ ಜೇಡರಬಲೆ, ಬೆಂಚಿನ ಕೆಳಗೆ ಎಲ್ಲಿ ನೋಡಿದರೂ ಸೀಸದ ಗುಂಡು. ಇಂಥ ಮನೆಯಲ್ಲಿ ಬದುಕುತ್ತಿದ್ದೇನೆ ಅಂತ ಒಬ್ಬರೂ ನನಗೆ ಹೇಳಲಿಲ್ಲ. ಬಲ್ಬುಗಳು ಮಾತ್ರ ಚೆನ್ನಾಗಿವೆ.

ಮೇ ತಿಂಗಳ ಕಾಗದಕ್ಕೆ ಉತ್ತರ ಬರೆಯದೆ ಇದ್ದದ್ದು ಕೋಪದಿಂದಲ್ಲ. ಹೆದರಿದ್ದೆ. ಮಬ್ಬು ಕವಿಯುತ್ತಿದೆ ಅಂತ ನನಗೆ ಗೊತ್ತಿತ್ತು, ಗೆರೆ ತಪ್ಪುತ್ತಿದೆ ಅಂತ ಗೊತ್ತಿರಲಿಲ್ಲ. ಏನೋ ಒಂದು ಗೆರೆ ಕಾಣುತ್ತಿತ್ತು, ಅದೇ ಅಂಚು ಅಂದುಕೊಂಡಿದ್ದೆ. ಡಾಕ್ಟರ ಹತ್ತಿರ ಹೋದರೆ "ಇನ್ನು ಬರ್ನರಿನ ಮುಂದೆ ಕೂರಬೇಡಿ" ಅಂದುಬಿಡುತ್ತಾರೆ, ಆ ಕೆಲಸವಿಲ್ಲದೆ ನಾನು ಏನು ಅಂತ ಯೋಚಿಸಿ ದಿನ ದೂಡುತ್ತಿದ್ದೆ. ನಿನ್ನ ಕಾಗದವನ್ನು ಭಾವ ಓದಿ ಮುಗಿಸಿದಾಗ ನಾನು ಹೇಳಿದ್ದು ಒಂದೇ: "ಇನ್ನೊಂದ್ಸಲ ಓದಿ." ಆ ಹೆಂಗಸು ಮುಚ್ಚಳ ಹಾಕಿಕೊಂಡು ಸೈಕಲ್ಲು ತಿರುಗಿಸಿದ್ದು ಮಾತ್ರ ಕಣ್ಣಿಲ್ಲದೆಯೂ ಕಾಣುತ್ತಿತ್ತು. ನೀನು ನನ್ನನ್ನು ಮುಚ್ಚಿಡುತ್ತೇನೆ ಅಂತ ಬರೆದ ಕಾಗದ ಕೈ ಸೇರಿದ ದಿನವೇ ಬಸ್ಸಿನ ಟಿಕೆಟ್ಟು ತೆಗೆಸಿದೆ. ನನ್ನ ಗಾಜು ಹೇಳಿದ ಸುಳ್ಳಿಗೆ ನೀನು ಯಾಕೆ ಇನ್ನೊಂದು ಸುಳ್ಳು ಹೇಳಬೇಕು?

ಡಾಕ್ಟರು ಬರ್ನರಿಗೆ ಬೇಡ ಅನ್ನಲಿಲ್ಲ. ಬಣ್ಣದ ಕನ್ನಡಕ ಹಾಕಿಕೊಂಡು ಕೂರಿ ಅಂದರು, ಅಷ್ಟೇ. ಅಷ್ಟಕ್ಕೆ ಎರಡು ವರ್ಷ ಹೆದರಿದ್ದೆ.

ಮೊನ್ನೆ ಉಪ್ಪುನೀರು ಮಾಡಿ, ವಾಪಸ್ಸು ಬಂದ ಮೀಟರುಗಳಲ್ಲಿ ಒಂದನ್ನು ಬಿಟ್ಟು ಬಗ್ಗಿ ನೋಡಿದೆ. ಕಡ್ಡಿಯ ಸುತ್ತ ನೀರು ಏರಿ ನಿಂತಿತ್ತು, ಎಷ್ಟು ತೆಳ್ಳಗೆ, ಎಷ್ಟು ಚೆನ್ನಾಗಿ! ಗೆರೆ ಅದರ ಕೆಳಗೆ ಮುಳುಗಿ ಕೂತಿತ್ತು. ನಾನೇ ಕೂರಿಸಿದ ಗೆರೆ. ಸ್ವಲ್ಪ ಹೊತ್ತು ಅತ್ತೆ, ಆಮೇಲೆ ಕೆಲಸ ಶುರು ಮಾಡಿದೆ. ಕಡ್ಡಿಯ ತುದಿಯನ್ನು ಉರಿಯಲ್ಲಿ ಬಿಚ್ಚಿ, ಒಳಗಿನ ಅಳತೆಯ ಕಾಗದವನ್ನು ಒಂದು ಅಕ್ಕಿಕಾಳಿನ ದಪ್ಪದಷ್ಟು ಮೇಲೆ ಸರಿಸಿ, ಮತ್ತೆ ಮುಚ್ಚಿದೆ. ಎರಡು ಒಡೆದವು. ಹತ್ತು ಉಳಿದವು.

ಹತ್ತನ್ನೂ ಕಳಿಸುತ್ತಿದ್ದೇನೆ. ಮ್ಯಾನೇಜರು ತೆಗೆದುಕೊಳ್ಳುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು. ಉಪ್ಪುನೀರಿನಲ್ಲಿ ನೋಡಬೇಡ, ಅಪ್ಪನದರ ಪಕ್ಕದಲ್ಲೂ ಇಡಬೇಡ. ಗೇಟಿನಲ್ಲಿ, ಸಾಲು ಪೂರ್ತಿ ಇರುವಾಗ, ಎರಡು ಕ್ಯಾನಿನವಳ ಹಾಲಿನಲ್ಲಿ ಬಿಡು. ನೀನು ಓದಬೇಡ, ಅವಳು ಓದಲಿ. ಅವಳು ಸರಿ ಅಂದರೆ ಇಟ್ಟುಕೊಳ್ಳಿ.

ಅಕ್ಕ